ಕುಂಕುಮ ಮೆತ್ತಿದ ಪುಲ್ಲಿ

ಆಯುಧಪೂಜೆ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ನನ್ನಿಂದ ಒಂದು ಮಾರು ದೂರ ಇರುತ್ತಾರೆ. ಸ್ಕೂಟರಿಗೆ ಹೂವು ಕಟ್ಟುವಾಗ, ಮಿಕ್ಸಿಗೂ ಫ್ರಿಜ್ಜಿಗೂ ಬೊಟ್ಟಿಡುವಾಗ ನಾನು ಏನಾದರೂ ಅಂದುಬಿಡುತ್ತೇನೆ ಎಂದು ಭಯ. ಅಂದೂ ಬಿಡುತ್ತೇನೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಅತ್ತೆ ನೆಂಟರಿಷ್ಟರಿಗೆಲ್ಲ ಹೇಳಿಟ್ಟಿದ್ದಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ಕೋಪ ಎಲ್ಲಿ ಹುಟ್ಟಿತು ಎಂದು ಅವರಲ್ಲಿ ಯಾರೂ ಕೇಳಿಲ್ಲ. ಹಾರೋಹಳ್ಳಿಯ ಒಂದು ಫೌಂಡ್ರಿಯಲ್ಲಿ, ಒಂದು ಆಯುಧಪೂಜೆಯ ಹೊತ್ತಿನಲ್ಲಿ ಹುಟ್ಟಿತು. ಇನ್ನೂ ಆರಿಲ್ಲ.

ರಾಮನಗರ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಹಾರೋಹಳ್ಳಿಯಲ್ಲಿ ರಸ್ತೆ ಬರುವ ಮುಂಚೆಯೇ ಶೆಡ್ಡುಗಳು ಏಳುತ್ತಿದ್ದವು. ನಾನು ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಅಲ್ಟ್ರಾಸೋನಿಕ್ ಪರೀಕ್ಷೆಯ ತರಬೇತಿ ಪಡೆದು, ಕನಕಪುರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮ್ಯಾಂಗನೀಸ್ ಉಕ್ಕಿನ ಎರಕ ಹೊಯ್ಯುವ ಕಾರ್ಖಾನೆ ಅದು. ಜಲ್ಲಿ ಕ್ರಷರಿನ ದವಡೆ, ಕಲ್ಲಿನ ಕ್ವಾರಿಯ ಕ್ರೇನಿನಲ್ಲಿ ಹಗ್ಗ ಹಾಯುವ ಗಾಲಿ, ಅಂದರೆ ಪುಲ್ಲಿ, ಇಂಥವು ಅಲ್ಲಿ ತಯಾರಾಗುತ್ತಿದ್ದವು. ಎರಕದ ಒಳಗೆ ಟೊಳ್ಳಿದೆಯೇ, ಬಿರುಕಿದೆಯೇ ಎಂದು ಅದನ್ನು ಒಡೆಯದೆ, ಕೊಯ್ಯದೆ ಹೇಳುವುದು ನನ್ನ ಕೆಲಸ.

ಬಸುರಿ ಹೆಂಗಸರಿಗೆ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಬೆಂಕಿಪೊಟ್ಟಣದಷ್ಟು ದಪ್ಪದ ಪ್ರೋಬನ್ನು ಉಕ್ಕಿಗೆ ಒತ್ತಿ ಹಿಡಿದರೆ ನಮ್ಮ ಕಿವಿಗೆ ಕೇಳಿಸದ ಶಬ್ದ ಒಳಗೆ ಹೋಗಿ, ಆಚೆ ಬದಿಗೆ ಬಡಿದು ಹಿಂದಕ್ಕೆ ಬರುತ್ತದೆ. ಮಷಿನ್ನಿನ ಪರದೆಯ ಮೇಲೆ ಎಡಕ್ಕೊಂದು ಗೀಟು ಏಳುತ್ತದೆ, ಬಲಕ್ಕೊಂದು ಗೀಟು ಏಳುತ್ತದೆ. ನಡುವೆ ಬಯಲಿರಬೇಕು. ಟೊಳ್ಳಿದ್ದರೆ ಆ ಬಯಲಿನಲ್ಲಿ ಇನ್ನೊಂದು ಗೀಟು ಎದ್ದು ನಿಲ್ಲುತ್ತದೆ. ಸಾಮಾನ್ಯ ಉಕ್ಕಿನಲ್ಲಿ ಇದು ಮಕ್ಕಳಾಟ. ಆದರೆ ಮ್ಯಾಂಗನೀಸ್ ಉಕ್ಕಿನ ಹರಳು ದಪ್ಪ, ಕಲ್ಲುಸಕ್ಕರೆಯ ಹಾಗೆ. ಒಂದೊಂದು ಹರಳೂ ಶಬ್ದದ ಒಂದೊಂದು ಚೂರನ್ನು ಹಿಂದಕ್ಕೆ ಎಸೆಯುತ್ತದೆ. ಬಯಲಿನ ತುಂಬ ಚಿಕ್ಕ ಚಿಕ್ಕ ಗೀಟು. ಪುಸ್ತಕದಲ್ಲಿ ಅದಕ್ಕೆ ನಾಯ್ಸ್ ಎನ್ನುತ್ತಾರೆ, ನಾವು ಹುಲ್ಲು ಅನ್ನುತ್ತಿದ್ದೆವು. ಆ ಹುಲ್ಲಿನ ನಡುವೆ ಟೊಳ್ಳಿನ ಗೀಟು ಯಾವುದು ಎಂದು ಹುಡುಕಬೇಕು.

ನಮ್ಮದು ಕುದೂರಿನ ಕಡೆ. ಅವ್ವನ ಜೊತೆ ರಾಗಿ ಹೊಲದಲ್ಲಿ ಕಳೆ ಕಿತ್ತು ಬೆಳೆದವಳು ನಾನು. ರಾಗಿ ಪೈರು ಗೇಣುದ್ದ ಇದ್ದಾಗ ಅದರ ಪಕ್ಕದಲ್ಲೇ ಅದರ ಹಾಗೆಯೇ ಕಾಣುವ ಕಳೆ ಇರುತ್ತದೆ. ನಿಂತು ನೋಡಿದರೆ ಎಲ್ಲಾ ಒಂದೇ ಹಸಿರು. ಬಗ್ಗಿ, ಬುಡ ಹಿಡಿದು, ಆ ಕಡೆಯಿಂದ ಈ ಕಡೆಯಿಂದ ನೋಡಿದರೇ ಗೊತ್ತಾಗುವುದು. ಇಲ್ಲೂ ಹಾಗೆಯೇ. ಪ್ರೋಬನ್ನು ಒಂದು ಚೂರು ಸರಿಸಿದರೆ ಹುಲ್ಲು ಕುಣಿದು ಆಕಾರ ಬದಲಿಸುತ್ತದೆ, ಟೊಳ್ಳಿನ ಗೀಟು ಅಲ್ಲೇ ನಿಲ್ಲುತ್ತದೆ. ಪ್ರೋಬು ಬದಲಿಸಿ ಬೇರೆ ಫ್ರೀಕ್ವೆನ್ಸಿಯ ಶಬ್ದ ಬಿಟ್ಟರೂ ಅಷ್ಟೇ, ಹುಲ್ಲು ಬೇರೆಯಾಗುತ್ತದೆ, ಗೀಟು ಜಗ್ಗುವುದಿಲ್ಲ. ಹೀಗೆ ಸರಿಸಿ, ಬದಲಿಸಿ, ಮತ್ತೆ ಸರಿಸಿ ನೋಡಬೇಕು. ಹೊತ್ತು ಹಿಡಿಯುತ್ತದೆ. ಆ ಹೊತ್ತೇ ಕಾರ್ಖಾನೆಯ ಯಜಮಾನರ ಕಣ್ಣಿಗೆ ಚುಚ್ಚುತ್ತಿತ್ತು.

ಜುಗ್ಗತನದಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲಿರಲಿಲ್ಲ. ಪ್ರೋಬಿಗೂ ಉಕ್ಕಿಗೂ ನಡುವೆ ಗಾಳಿ ನಿಂತರೆ ಶಬ್ದ ಒಳಗೆ ಹೋಗುವುದಿಲ್ಲ, ಅದಕ್ಕೆ ನಡುವೆ ಜೆಲ್ ಹಚ್ಚಬೇಕು. ಅದು ಮುಗಿದಾಗ ಮತ್ತೆ ತರಿಸಲೇ ಇಲ್ಲ. ನೀರು ಹಚ್ಚಿ ನೋಡಮ್ಮ ಎಂದರು. ನೀರು ಒರಟು ಎರಕದ ಮೇಲೆ ನಿಲ್ಲುತ್ತದೆಯೇ? ನಾನು ಮನೆಯಿಂದ ಡಬ್ಬಿಯಲ್ಲಿ ತೆಳ್ಳಗೆ ರಾಗಿ ಗಂಜಿ ಕಾಯಿಸಿ ತಂದೆ. ಜೆಲ್ಲಿಗಿಂತ ಚೆನ್ನಾಗಿ ಕೂತಿತು. "ಮೇಡಮ್ನೋರು ಪುಲ್ಲಿಗೆ ಅಂಬ್ಲಿ ಕುಡುಸ್ತಾವ್ರೆ ಕಣ್ಲಾ" ಎಂದು ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ನನಗೆ ನಗು ಬರುತ್ತಿತ್ತು.

ಒಂದು ದಿನ ಯಜಮಾನರು ನನ್ನ ಹಿಂದೆ ನಿಂತು ಪರದೆ ನೋಡಿ ಮುಖ ಹುಳ್ಳಗೆ ಮಾಡಿದರು. "ಇದೇನಮ್ಮಾ ಇದು, ಮುಳ್ಳುಹಂದಿ ಬೆನ್ನು ಇದ್ದಂಗಿದೆ. ಪಾರ್ಟಿಗಳು ಬಂದಾಗ ಇದನ್ನ ತೋರಿಸೋದಾ? ಸ್ಕ್ರೀನ್ ಕ್ಲೀನಾಗಿರಬೇಕು." ಜೆಲ್ಲಿಗೆ ಕೈ ಬಾರದವರು ಕಂಪ್ಯೂಟರು ಜೋಡಿಸುವ ಹೊಸ ಮಷಿನ್ ತರಿಸಿದರು. ಅದರ ಜೊತೆಗೆ ಬೆಂಗಳೂರಿನಿಂದ ಒಬ್ಬ ಸಿಗ್ನಲ್ ಪ್ರೊಸೆಸಿಂಗ್ ಓದಿದವರೂ ಬಂದರು.

ಅವರು ದಡ್ಡರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಸರಾಸರಿ ತೆಗೆಯುವ ಲೆಕ್ಕ ಹಾಕಿದರು. ಪ್ರೋಬನ್ನು ಒಂದೇ ಜಾಗದಲ್ಲಿಟ್ಟು ಮತ್ತೆ ಮತ್ತೆ ಕೇಳಿ, ಎಲ್ಲವನ್ನೂ ಕೂಡಿಸಿ ಸರಾಸರಿ ಮಾಡುವುದು. ಪಕ್ಕದ ಕುಲುಮೆಯಿಂದ, ವೆಲ್ಡಿಂಗಿನಿಂದ ಬರುವ ಕರೆಂಟಿನ ಗಲಾಟೆ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಆದ್ದರಿಂದ ಸರಾಸರಿಯಲ್ಲಿ ಅದು ಕರಗಿಹೋಯಿತು. ಒಳ್ಳೆಯದೇ ಆಯಿತು. ಆದರೆ ಹುಲ್ಲು ಹೋಗಲಿಲ್ಲ. ಹೋಗುವುದಾದರೂ ಹೇಗೆ? ಹರಳುಗಳು ಕೂತಲ್ಲಿಂದ ಏಳುವುದಿಲ್ಲವಲ್ಲ. ನೂರು ಸಲ ಕೇಳಿದರೂ ನೂರು ಸಲವೂ ಅದನ್ನೇ ಹೇಳುತ್ತವೆ. ಯಜಮಾನರು ಕುರ್ಚಿಯಲ್ಲಿ ಮಿಸುಕಾಡಿದರು. ಆಮೇಲೆ ಆ ಬೆಂಗಳೂರಿನವರು ಇನ್ನೊಂದು ಕೆಲಸ ಮಾಡಿದರು. ಒಂದು ಮಟ್ಟ ಗೊತ್ತುಮಾಡಿ, ಅದರ ಕೆಳಗಿರುವ ಗೀಟನ್ನೆಲ್ಲ ಅಳಿಸಿಬಿಟ್ಟರು. ಪರದೆ ಸಾರಿಸಿದ ಅಂಗಳದ ಹಾಗೆ ಆಯಿತು. ಯಜಮಾನರು ಚಪ್ಪಾಳೆ ಹೊಡೆದರು.

ನಾನು ಒಳಗೆ ಹೋಗಿ ಬೇಕೆಂದೇ ತೂತು ಕೊರೆದಿಟ್ಟಿದ್ದ ಪರೀಕ್ಷೆಯ ಉಕ್ಕಿನ ತುಂಡು ತಂದೆ. ಹಳೆಯ ಮಷಿನ್ನಿನಲ್ಲಿ ಆ ತೂತು ಹುಲ್ಲಿನ ನಡುವೆ ಕಾಣುತ್ತದೆ, ಹುಡುಕಿದರೆ. ಹೊಸದರಲ್ಲಿ ಪ್ರೋಬು ಒತ್ತಿದೆ. ತೂತೂ ಇಲ್ಲ, ಏನೂ ಇಲ್ಲ.

"ನೋಡಿ ಸಾರ್, ಕಳೆ ಜೊತೆ ಪೈರೂ ಹೋಯ್ತು."

"ಅಷ್ಟು ಸಣ್ಣ ತೂತಿಂದ ಏನಾಗುತ್ತಮ್ಮ?" ಎಂದರು ಯಜಮಾನರು.

ಟೀ ಕುಡಿಯುವಾಗ ಆ ಬೆಂಗಳೂರಿನವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಮೇಡಂ, ಇದು ಸರಿಯಲ್ಲ ಅಂತ ನನಗೂ ಗೊತ್ತು. ನೀವು ಕೈಯಲ್ಲಿ ಪ್ರೋಬ್ ಬದಲಾಯಿಸಿ ಮಾಡ್ತೀರಲ್ಲ, ಅದನ್ನೇ ಕಂಪ್ಯೂಟರಲ್ಲಿ ಮಾಡಬಹುದು. ಬಂದ ಸಿಗ್ನಲ್ಲನ್ನ ಬೇರೆ ಬೇರೆ ಫ್ರೀಕ್ವೆನ್ಸಿಗೆ ಒಡೆದು, ಎಲ್ಲದರಲ್ಲೂ ಉಳಿಯೋ ಗೀಟನ್ನ ಮಾತ್ರ ಇಟ್ಕೊಳ್ಳೋದು. ಅದಕ್ಕೆ ಟೈಮ್ ಬೇಕು. ಆದರೆ ಇವರು ನನಗೆ ಕೇಳಿದ್ದು ಕ್ಲೀನ್ ಸ್ಕ್ರೀನ್."

ಗೊತ್ತಿಲ್ಲದವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಗೊತ್ತಿದ್ದೂ ಮಾಡಿ, ಅದನ್ನು ಬಿಸ್ಕತ್ತು ಅದ್ದಿಕೊಂಡು ನನಗೇ ಹೇಳುತ್ತಾರಲ್ಲ! ಲೋಟ ಅಲ್ಲೇ ಕುಕ್ಕಿ ಎದ್ದು ಬಂದೆ. ಯಜಮಾನರ ಜೊತೆ ಬಾಯಿ ಮಾಡಿ ಒಂದು ಮಾತಿಗೆ ಒಪ್ಪಿಸಿದೆ. ಕ್ರಷರಿನ ದವಡೆಗೆ ಬೇಕಾದರೆ ಹೊಸ ಮಷಿನ್ ಹಾಕಿಕೊಳ್ಳಲಿ, ಅದು ಒಡೆದರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಪುಲ್ಲಿಗಳನ್ನು ಮಾತ್ರ ನಾನು ಹಳೆಯ ಮಷಿನ್ನಿನಲ್ಲೇ ನೋಡುತ್ತೇನೆ. ಪುಲ್ಲಿ ಇರುವುದು ಕ್ರೇನಿನ ತುದಿಯಲ್ಲಿ. ಅದರ ಮೇಲೆ ಹಾಯುವ ತಂತಿಹಗ್ಗದಲ್ಲಿ ಲಾರಿಯಷ್ಟು ದೊಡ್ಡ ಕಲ್ಲು ನೇತಾಡುತ್ತದೆ. ಅದರ ಕೆಳಗೆ, ಗುಂಡಿಯಲ್ಲಿ, ಮನುಷ್ಯರಿರುತ್ತಾರೆ.

ಅವರಲ್ಲಿ ಒಬ್ಬ ನನ್ನ ಅಣ್ಣ. ಕನಕಪುರದಿಂದ ಸಾತನೂರಿನ ಕಡೆಗೆ ಹೋಗುವ ರಸ್ತೆಯ ಒಂದು ಕ್ವಾರಿಯಲ್ಲಿ ಅವನು ಗುಂಡಿಯೊಳಗೆ ನಿಂತು ಕಲ್ಲಿಗೆ ಹಗ್ಗ ಸುತ್ತುವ ಕೆಲಸ ಮಾಡುತ್ತಿದ್ದ. ಹಿಂದೆ ಇನ್ನೊಂದು ಕ್ವಾರಿಯಲ್ಲಿ ಪುಲ್ಲಿ ಸೀಳಿ ಕಲ್ಲು ಬಿದ್ದಿತ್ತು, ಅದರಿಂದ ಅವರ ಕ್ವಾರಿಯವರು ಪರೀಕ್ಷೆ ಮಾಡಿದ ಪುಲ್ಲಿಯೇ ಬೇಕು ಎಂದು ನಮ್ಮಲ್ಲಿಗೆ ಬಂದಿದ್ದರು. "ನೀನ್ ನೋಡಿದ್ಮ್ಯಾಲೆ ನಂಗ್ಯಾವ ಭಯ ಬುಡಮ್ಮಿ" ಎನ್ನುತ್ತಿದ್ದ ಅಣ್ಣ. ಆ ಮಾತು ನನಗೆ ಹೆಮ್ಮೆಯೂ ಹೌದು, ಭಾರವೂ ಹೌದು.

ಆ ಸಲ ಅಣ್ಣನ ಕ್ವಾರಿಗೆ ಹೋಗಬೇಕಿದ್ದ ಪುಲ್ಲಿಗಳನ್ನು ಆಯುಧಪೂಜೆಗೆ ಮುಂಚೆ ನೋಡಿದೆ. ಒಂದರಲ್ಲಿ ಪಿನ್ನು ತೂರುವ ನಡುವಿನ ಗುಂಬದ ಹತ್ತಿರ, ದಪ್ಪ ಭಾಗ ತೆಳುವಾಗುವ ಕಡೆ, ಹುಲ್ಲಿನ ನಡುವೆ ಒಂದು ಗೀಟು ಇತ್ತು. ಪ್ರೋಬು ಸರಿಸಿದೆ, ಹುಲ್ಲು ಕುಣಿಯಿತು, ಅದು ನಿಂತಿತ್ತು. ಪ್ರೋಬು ಬದಲಿಸಿದೆ, ಅದು ನಿಂತಿತ್ತು. ಗಂಜಿ ಒರೆಸಿ ಮತ್ತೆ ಹಚ್ಚಿ ನೋಡಿದೆ, ಅದು ಅಲ್ಲೇ ನಿಂತಿತ್ತು. ಕೆಂಪು ಪೇಂಟಿನಲ್ಲಿ ಆ ಜಾಗದ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಹಾಕಿ ಮೂಲೆಗೆ ತಳ್ಳಿಸಿದೆ. ಇದು ಹೋಗಬಾರದು, ಕರಗಿಸಬೇಕು ಎಂದು ಯಜಮಾನರಿಗೂ ಹೇಳಿದೆ, ಮರಳಿನ ಅಚ್ಚು ಕಟ್ಟಿಸುವ ಮೋಲ್ಡಿಂಗ್ ಮೇಸ್ತ್ರಿಗೂ ಹೇಳಿದೆ. ಹೇಳಿ, ಹಬ್ಬಕ್ಕೆ ಕುದೂರಿಗೆ ಅವ್ವನ ಮನೆಗೆ ಹೋದೆ.

ವಾಪಸ್ ಬಂದಾಗ ಮೂಲೆ ಖಾಲಿ. ಪುಲ್ಲಿಗಳೆಲ್ಲ ಲೋಡಾಗಿ ಹೋಗಿದ್ದವು.

ಮೋಲ್ಡಿಂಗ್ ಮೇಸ್ತ್ರಿ ವಯಸ್ಸಾದವರು, ಭಕ್ತರು, ಹಬ್ಬದ ಯಜಮಾನಿಕೆ ಅವರದೇ. ನಡೆದದ್ದನ್ನು ಅವರು ನನಗೆ ಸಂಭ್ರಮದಿಂದಲೇ ಹೇಳಿದರು. ಪೂಜೆಗೆ ಅಂತ ಎಲ್ಲ ಪುಲ್ಲಿಗಳನ್ನೂ ಡೀಸೆಲ್ ಹಾಕಿ ಉಜ್ಜಿ ಫಳಫಳ ಅನ್ನಿಸಿದರಂತೆ. ಪೇಂಟಿನಲ್ಲಿ ಬರೆದಿದ್ದ ನಂಬರುಗಳು ಹೋದವಂತೆ. ನನ್ನ ಕತ್ತರಿ ಗುರುತೂ ಕದಡಿ ಕೆಂಪಗೆ ಹರಡಿಕೊಂಡಿತಂತೆ. ಆಮೇಲೆ ಸಾಲಾಗಿ ನಿಲ್ಲಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎಲ್ಲಕ್ಕೂ ಅಂಗೈ ತುಂಬ ಮೆತ್ತಿದರಂತೆ. ಬೂದುಗುಂಬಳದೊಳಗೆ ಕುಂಕುಮ ತುಂಬಿ ಒಡೆದಾಗ ಆ ಕೆಂಪು ನೀರು ಇನ್ನಷ್ಟು ಚಿಮ್ಮಿತಂತೆ.

"ಮೂಲೇಲಿದ್ದದನ್ನ ಯಾಕೆ ತಂದ್ರಿ ಸಾಲಿಗೆ?"

"ಅಯ್ಯೋ, ಅದೊಂದನ್ನ ಬುಟ್ಟು ಪೂಜೆ ಮಾಡಕಾಯ್ತದಾ ಅವ್ವಾ? ಅದೂ ನಮ್ ಕೈಲೇ ಹುಟ್ಟಿದ್ದಲ್ವಾ? ಕುಂಟ ಮಗ ಅಂತ ಹಬ್ಬದ ದಿನ ಹೊರೀಕ್ ಕೂರ್ಸಕಾಯ್ತದಾ?"

ಅವರ ಮೇಲೆ ಹೇಗೆ ಕೂಗಲಿ? ಕೂಗಿದೆ, ಆದರೂ. ಅವರ ಮುಖ ಬಾಡಿತು. ಒಂದೇ ಸಲ ಎರಕ ಹೊಯ್ದ ಪುಲ್ಲಿಗಳು, ಅಚ್ಚಿನ ನಂಬರು ಎಲ್ಲಕ್ಕೂ ಒಂದೇ. ಕೆಂಪಿನ ನಡುವೆ ಕೆಂಪು ಹುಡುಕಿ ತೆಗೆಯುವುದು ಯಾರಿಂದಲೂ ಆಗುವಂತಿರಲಿಲ್ಲ.

ಆದರೆ ಸಿಟ್ಟು ನೆತ್ತಿಗೇರಿದ್ದು ಆಮೇಲೆ, ಯಜಮಾನರ ರೂಮಿನಲ್ಲಿ. ವಿಜಯದಶಮಿಯ ದಿನ ಮೊದಲ ಲೋಡು ಹೊರಟರೆ ವರ್ಷವೆಲ್ಲ ಲೋಡು ಹೊರಡುತ್ತದೆ ಎಂಬುದು ಅವರ ನಂಬಿಕೆ. ಲಾರಿ ಬಂದು ನಿಂತಿದೆ, ಗಳಿಗೆ ಮೀರುತ್ತಿದೆ. ಒಂದು ಕೆಟ್ಟದ್ದು ಇದರಲ್ಲಿ ಸೇರಿಕೊಂಡಿದೆ ಎಂದು ಮೇಸ್ತ್ರಿ ನೆನಪಿಸಿದ್ದಾರೆ ಕೂಡ. ಅದಕ್ಕೆ ಇವರು ಹೊಸ ಮಷಿನ್ ತರಿಸಿ, ಶಿಫ್ಟಿನವರ ಕೈಲಿ ಎಲ್ಲ ಪುಲ್ಲಿಗಳ ಮೇಲೂ ಪ್ರೋಬು ಆಡಿಸಿದ್ದಾರೆ.

"ನೋಡಮ್ಮ, ನಾವೇನು ಕಣ್ಮುಚ್ಚಿ ಕಳಿಸಿಲ್ಲ. ಒಂದೊಂದನ್ನೂ ನೋಡಿದೀವಿ. ಎಲ್ಲಾ ಕ್ಲೀನ್."

"ಒಂದು ಕೆಟ್ಟದ್ದಿದೆ ಅಂತ ಗೊತ್ತಿತ್ತಲ್ಲ ಸಾರ್. ಎಲ್ಲಾ ಕ್ಲೀನ್ ಅಂತ ಬಂದ್ರೆ, ಕೆಟ್ಟಿರೋದು ಮಷಿನ್ ಅಂತ ತಾನೆ ಅರ್ಥ?"

"ಅಥವಾ ನಿಮ್ಮ ಮಾರ್ಕೇ ತಪ್ಪಿರಬಹುದು." ಅವರು ನಕ್ಕು ನನ್ನ ಕಡೆ ಕಡ್ಲೆಪುರಿಯ ಪೊಟ್ಟಣ ಸರಿಸಿದರು. "ಮುಂದಿನ ಸಲ ಕೆಂಪು ಬೇಡ ಬಿಡಿ, ಹಳದೀಲಿ ಹಾಕಿ."

ಹಳದಿಯಂತೆ! ಅರಿಶಿನ ಯಾವ ಬಣ್ಣ ಎಂದು ಇವರಿಗೆ ಯಾರಾದರೂ ಹೇಳಬೇಕಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಪೊಟ್ಟಣವನ್ನು ಮೇಜಿನ ಮೇಲೆ ಸುರಿದು ಬಂದೆ. ಹಳೆಯ ಮಷಿನ್ನನ್ನೂ ಎರಡು ಪ್ರೋಬನ್ನೂ ಚೀಲಕ್ಕೆ ಹಾಕಿಕೊಂಡು, ಯಾರನ್ನೂ ಕೇಳದೆ ಕನಕಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಎದುರಿನಿಂದ ಬರುವ ಲಾರಿಗಳಿಗೆಲ್ಲ ಬಾಳೆಕಂದು, ಹೂವಿನ ಹಾರ, ಹಣೆಯ ತುಂಬ ಕುಂಕುಮ. ಪ್ರತಿಯೊಂದನ್ನೂ ಕಂಡು ಮೈ ಉರಿಯಿತು.

ಕ್ವಾರಿಯಲ್ಲಿ ಊಟದ ಹೊತ್ತು. ಅಣ್ಣ ಗುಂಡಿಯಿಂದ ಮೇಲೆ ಬಂದು ಮರದ ಕೆಳಗೆ ಕೂತಿದ್ದ.

"ಏನಮ್ಮಿ, ಹೊತ್ತಲ್ಲದ ಹೊತ್ನಲ್ಲಿ? ಅವ್ವ ಹುಷಾರಾಗವ್ಳಾ?"

"ಅವ್ವಂಗೇನಾಗಿಲ್ಲ. ಹೊಸ ಪುಲ್ಲಿ ಎಲ್ಲಿ?"

ಶೆಡ್ಡಿನಲ್ಲಿ ಉಳಿದವಿದ್ದವು. ಒಂದನ್ನು ಆಗಲೇ ಕ್ರೇನಿಗೆ ಏರಿಸಿದ್ದರು, ಬೆಳಗಿನಿಂದ ಅದರಲ್ಲೇ ಕಲ್ಲು ಎತ್ತುತ್ತಿದ್ದರು. ಅಣ್ಣನ ಕ್ರೇನು ಅದೇ. ಮಷಿನ್ ತೆಗೆದೆ. ಆಗ ನೆನಪಾಯಿತು, ಗಂಜಿಯ ಡಬ್ಬಿ ಫೌಂಡ್ರಿಯಲ್ಲೇ ಉಳಿದಿದೆ. ಅಣ್ಣನ ಬುತ್ತಿಯಲ್ಲಿ ಅಂಬಲಿ ಇತ್ತು. ಅವನ ಕೈಯಿಂದ ಕಿತ್ತುಕೊಂಡೆ. ಕುಂಕುಮ ಕೆರೆದು, ಅಂಬಲಿ ಹಚ್ಚಿ, ಶೆಡ್ಡಿನಲ್ಲಿದ್ದವನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಹುಲ್ಲು, ಬರೀ ಹುಲ್ಲು. ಸರಿಸಿದರೆ ಕುಣಿಯುವ ಹುಲ್ಲು. ಕೊನೆಯದೂ ಚೆನ್ನಾಗಿದೆ ಎಂದು ತಿಳಿದಾಗ ತಲೆ ಎತ್ತಿ ಕ್ರೇನಿನ ತುದಿ ನೋಡಿದೆ. ಉಳಿದದ್ದು ಮೇಲಿರುವುದು ಮಾತ್ರ.

ಲೆಕ್ಕ, ಲೋಡು ನೋಡಿಕೊಳ್ಳುವ ಕ್ವಾರಿಯ ರೈಟರ್ ಬಂದು ಕ್ರೇನು ಇಳಿಸುವುದಿಲ್ಲ ಎಂದರು. ಪೂಜೆ ಮಾಡಿ ಏರಿಸಿದ್ದು, ಸಾಯಂಕಾಲದೊಳಗೆ ಲೋಡು ಕಳಿಸಬೇಕು, ನೀವ್ಯಾರು, ಕಂಪನಿಯ ಕಾಗದ ಎಲ್ಲಿ. ನಾನು ಹೋಗಿ ಗುಂಡಿಗೆ ಇಳಿಯುವ ದಾರಿಗೆ ಅಡ್ಡ ಕೂತೆ. ಅಣ್ಣ ತಲೆ ಕೆರೆದುಕೊಂಡು ಹೇಳಿದ, "ಒಸಿ ಇಳ್ಸುಬುಡಿ ಸಾಮಿ. ಇವ್ಳು ಹಟಮಾರಿ. ನೋಡ್ದೆ ಎದ್ದೇಳಾಕಿಲ್ಲ."

ಇಳಿಸಿದರು. ಪಿನ್ನು ಕಳಚಿ ಪುಲ್ಲಿಯನ್ನು ನೆಲಕ್ಕೆ ಮಲಗಿಸಿದರು. ಅಂಬಲಿ ಹಚ್ಚಿ ಗುಂಬದ ಪಕ್ಕ ಪ್ರೋಬು ಇಟ್ಟೆ. ಹುಲ್ಲಿನ ನಡುವೆ ಅದು ನಿಂತಿತ್ತು. ಅಣ್ಣನನ್ನು ಕರೆದು ತೋರಿಸಿದೆ. ಪ್ರೋಬು ಸರಿಸಿದ ಹಾಗೆಲ್ಲ ಎಲ್ಲವೂ ಅಲುಗಾಡುತ್ತಿರುವಾಗ ಆ ಒಂದು ಗೀಟು ಅಲುಗದೆ ಇರುವುದನ್ನು ಅವನೂ ಕಂಡ. ಬೆಳಗಿನಿಂದ ಅದರ ಕೆಳಗೆ ನಿಂತಿದ್ದವನು ಅವನು. ಉಳಿದಿದ್ದ ಅಂಬಲಿಯನ್ನು ಒಂದೇ ಗುಟುಕಿಗೆ ಕುಡಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ.

"ಇದನ್ನ ಈಗ್ಲೇ ಒಡೀರಿ" ಎಂದೆ. ಒಬ್ಬರು ದೊಡ್ಡ ಸುತ್ತಿಗೆ ತಂದು ನಾಲ್ಕು ಬಿಟ್ಟರು. ಪುಲ್ಲಿ ಗಂಟೆಯ ಹಾಗೆ ಮೊಳಗಿತು, ಅಷ್ಟೇ. ಮ್ಯಾಂಗನೀಸ್ ಉಕ್ಕಿನ ಗುಣವೇ ಅದು, ಹೊಡೆದಷ್ಟೂ ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಉಳಿ ಹಾಕಿ ಗುರುತು ಮಾಡಲೂ ಆಗುವುದಿಲ್ಲ. "ಅಣ್ಣಯ್ಯ, ಗ್ಯಾಸ್ ಕಟರ್ ಐತಲ್ಲ, ಕೊಯ್ದು ಹಾಕು" ಎಂದೆ. ಅಣ್ಣನಿಗೆ ಗ್ಯಾಸ್ ಹಿಡಿಯಲು ಬರುತ್ತಿತ್ತು.

ರೈಟರ್ ಅಡ್ಡ ಬಂದರು. "ಕೊಯ್ದ್ರೆ ಯಾರಮ್ಮ ವಾಪಸ್ ತಗೋತಾರೆ? ಬದ್ಲಿ ಪುಲ್ಲಿ ಕೊಡ್ಬೇಕಾದ್ರೆ ಇದು ಇಡೀಯಾಗೇ ಹೋಗ್ಬೇಕು."

"ಇಡೀಯಾಗಿ ಹೋದ್ರೆ ಅವರು ಮತ್ತೆ ಮಾರ್ತಾರೆ! ಇನ್ಯಾರೋ ಇದರ ಕೆಳಗೆ ನಿಲ್ತಾರೆ!"

ಎಲ್ಲರೂ ಅಣ್ಣನ ಮುಖ ನೋಡಿದರು. ಸಿಲಿಂಡರ್ ಅವನಿಂದ ಹತ್ತು ಹೆಜ್ಜೆಯೂ ಇರಲಿಲ್ಲ. ಅವನು ರೈಟರನ್ನು ನೋಡಿದ, ಪುಲ್ಲಿಯ ಮೇಲೆ ಉಳಿದಿದ್ದ ಕುಂಕುಮವನ್ನು ನೋಡಿದ, ಆಮೇಲೆ ನನ್ನನ್ನು.

"ನನ್ ತಲೆ ಉಳೀತಲ್ಲ, ಬುಡಮ್ಮಿ."

ಯಜಮಾನರ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಬಂದದ್ದಕ್ಕೆ ಸಿಟ್ಟು ಎಂಬ ಮಾತು ಸಾಲದು. ಅವನು ನನ್ನ ಒಡಹುಟ್ಟಿದವನು. ಮಷಿನ್ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದೆ. ಅವನು ಹಿಂದಿನಿಂದ ಕರೆದ. ನಾನು ತಿರುಗಲಿಲ್ಲ.

ಪುಲ್ಲಿ ಲಾರಿಯಲ್ಲಿ ಫೌಂಡ್ರಿಗೆ ವಾಪಸ್ ಬಂತು. ನನ್ನ ಕಣ್ಣೆದುರಿಗೆ ಕುಲುಮೆಗೆ ಹಾಕಿ ಎಂದು ಯಜಮಾನರ ಮುಂದೆ ನಿಂತೆ. ಮಷಿನ್ ಕದ್ದುಕೊಂಡು ಹೋದವಳು ಎಂದು ಮೊದಲು ಬೈದರು. ಆಮೇಲೆ, ಪೂಜೆ ಮಾಡಿದ ಸಾಮಾನನ್ನು ಹೀಗೆ ಹಸಿಹಸಿಯಾಗಿ ಕರಗಿಸಬಾರದಮ್ಮ, ದೀಪಾವಳಿ ಕಳೆಯಲಿ ಎಂದರು. ದೀಪಾವಳಿಗೆ ಕುಲುಮೆ ಆರಿಸಿ ಒಳಗಿನ ಲೈನಿಂಗ್ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ರಜೆ ಕಳೆದು ಬಂದೆ. ಮೂಲೆ ಮತ್ತೆ ಖಾಲಿ.

"ಕರಗಿಸಿಬಿಟ್ವಲ್ಲಮ್ಮ."

"ಯಾವುದರಲ್ಲಿ ಸಾರ್? ಕುಲುಮೆ ಇನ್ನೂ ತಣ್ಣಗೈತೆ!"

ಅವರು ಫೋನು ಎತ್ತಿಕೊಂಡರು. ಮೇಸ್ತ್ರಿಯನ್ನು ಕೇಳಿದೆ. ಅವರು ಮರಳು ಜರಡಿ ಹಿಡಿಯುತ್ತ, ತಲೆ ಎತ್ತದೆ, "ನಾ ಕಾಣೆ ಕಣವ್ವ" ಎಂದರು. ಹಬ್ಬದ ದಿನ ಹೊರಗೆ ಕೂರಿಸಲು ಮನಸ್ಸು ಬಾರದ ಆ ಕುಂಟ ಮಗ ಎಲ್ಲಿ ಹೋದ ಎಂದು ಅವರು ಒಂದು ಮಾತೂ ಕೇಳಿರಲಿಲ್ಲ. ಅವತ್ತೇ ನಾನು ಪ್ರೋಬುಗಳನ್ನು ಮೇಜಿನ ಮೇಲಿಟ್ಟು ಗೇಟು ದಾಟಿದೆ. ಆಮೇಲೆ ಹಾರೋಹಳ್ಳಿಯ ಕಡೆ ಯಾರೂ ನನಗೆ ಕೆಲಸ ಕೊಡಲಿಲ್ಲ. ಜಗಳಗಂಟಿ ಎಂಬ ಮಾತು ನನಗಿಂತ ಮುಂಚೆ ಎಲ್ಲ ಗೇಟುಗಳನ್ನೂ ಮುಟ್ಟಿತ್ತು.

ಕೆಲವು ವರ್ಷ ಕಳೆದವು. ನನಗೆ ಮದುವೆಯಾಯಿತು. ಅಣ್ಣ ಕನಕಪುರದ ಕ್ವಾರಿ ಬಿಟ್ಟು ಮಾಗಡಿಯ ಕಡೆ, ನಮ್ಮೂರಿಗೆ ಹತ್ತಿರದ ಇನ್ನೊಂದು ಕ್ವಾರಿಗೆ ಸೇರಿದ. ಹಬ್ಬಕ್ಕೆ ಹೋದಾಗ ಮಾತಾಡುತ್ತಿದ್ದೆವು, ಮಳೆ, ಬೆಳೆ, ಅವ್ವನ ಮಂಡಿನೋವು. ಪುಲ್ಲಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ದಿನ ಅವನೇ ಫೋನು ಮಾಡಿದ.

"ಒಸಿ ಬಂದು ನೋಡ್ತೀಯೇನಮ್ಮಿ? ಇಲ್ಲಿ ಕ್ರೇನಲ್ಲಿ ಒಂದ್ ಹಳೇ ಪುಲ್ಲಿ ಐತೆ. ಎಲ್ಲಿಂದ್ಲೋ ಸೆಕೆಂಡ್ ಹ್ಯಾಂಡು ತಂದವ್ರೆ. ಮ್ಯಾಂಗನೀಸ್ದು ಅಂತಾರೆ. ನಂಗ್ಯಾಕೋ ಅದ್ರ ಕೆಳಗೆ ನಿಂತ್ರೆ ಕಾಲ್ ನಿಲ್ಲಾಕಿಲ್ಲ."

ಹೋದೆ. ಊಟದ ಹೊತ್ತು, ಕ್ರೇನಿನ ತುದಿಯನ್ನು ತಗ್ಗಿಸಿ ನಿಲ್ಲಿಸಿದ್ದರು. ಪುಲ್ಲಿಗೆ ಕುಂಕುಮದ ಮೇಲೆ ಕುಂಕುಮ, ವರ್ಷ ವರ್ಷದ ಕುಂಕುಮ, ಗ್ರೀಸು ಕುಡಿದು ಕಪ್ಪಗಾಗಿ ಚಕ್ಕೆಗಟ್ಟಿತ್ತು. ಉಗುರಿನಲ್ಲಿ ಕೆರೆದೆ. ಅಚ್ಚಿನ ನಂಬರು ಇರಬೇಕಾದ ಜಾಗ ಸವೆದು ನುಣ್ಣಗಾಗಿತ್ತು. ಅಳತೆ ಅದೇ. ಆ ಅಳತೆಯ ಪುಲ್ಲಿಗಳು ಸೀಮೆಯ ತುಂಬ ಇವೆ.

"ಅದೇನಾ?" ಎಂದ ಅಣ್ಣ.

"ಗೊತ್ತಿಲ್ಲ."

"ಒಸಿ ಸರ್ಯಾಗ್ ನೋಡಮ್ಮಿ."

"ಯಾವುದರಲ್ಲಿ ನೋಡ್ಲಿ? ಕಣ್ಣಲ್ಲಾ? ಮಷಿನ್ ಎಲ್ಲೈತೆ ನನ್ ಹತ್ರ?" ಎದೆಯೊಳಗಿದ್ದದ್ದೆಲ್ಲ ಬಾಯಿಗೆ ಬಂತು. "ಅವತ್ತು ಕೈಯಳತೇಲಿ ಗ್ಯಾಸ್ ಇತ್ತು. ಕೊಯ್ಯಿ ಅಂದೆ. ಬುಡಮ್ಮಿ ಅಂದೆ ನೀನು!"

ಅಣ್ಣ ಪುಲ್ಲಿಯ ಮೇಲಿನ ಕುಂಕುಮದ ಚಕ್ಕೆಯೊಂದನ್ನು ಉಗುರಿನಿಂದ ಎಬ್ಬಿಸಿದ.

"ಅವತ್ತು ಅದು ಬ್ಯಾರೇರ್ ತಲೆ ಮ್ಯಾಲ್ ಹೋಯ್ತದೆ ಅಂದ್ಕಂಡಿದ್ದೆ ನಾನು, ಕಣಮ್ಮಿ" ಎಂದ.

ಅಲ್ಲಿನ ರೈಟರ್ ಹತ್ತಿರ ಹೋಗಿ ಜಗಳ ತೆಗೆದೆ. ಇದನ್ನು ಇಳಿಸಿ ಪರೀಕ್ಷೆ ಮಾಡಿಸಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಹತ್ತಿರ ಮಷಿನ್ ಇದೆಯಾ, ರಿಪೋರ್ಟ್ ಇದೆಯಾ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದರು. ಕೂಗಿದೆ, ಗಂಟಲು ಕಟ್ಟುವವರೆಗೆ ಕೂಗಿದೆ. ಕಲ್ಲು ಕಡಿಯುವವರು ಕೆಲಸ ನಿಲ್ಲಿಸಿ ನೋಡಿದರು. ಯಾರದೋ ಮನೆಯ ಹೆಂಗಸು ಬಂದು ಗಲಾಟೆ ಮಾಡುತ್ತಿದ್ದಾಳೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಕೇಳಿಸಿತು. ಬೇರೆ ಕೆಲಸ ನೋಡಿಕೋ, ಈಗಲೇ ನನ್ನ ಜೊತೆ ಬಾ ಎಂದು ಅಣ್ಣನ ಕೈ ಹಿಡಿದು ಎಳೆದೆ. ಮಕ್ಕಳ ಸ್ಕೂಲು ಐತಲ್ಲಮ್ಮಿ ಎಂದು ಅವನು ಕೈ ಬಿಡಿಸಿಕೊಂಡ.

ಸೀಟಿ ಊದಿದರು. ಕ್ರೇನಿನ ತುದಿ ನಿಧಾನವಾಗಿ ಮೇಲೆ ಎದ್ದಿತು. ಅಣ್ಣ ಬುತ್ತಿ ಮುಚ್ಚಿ ನನ್ನ ಕೈಗೆ ಕೊಟ್ಟು, ಟವಲನ್ನು ತಲೆಗೆ ಸುತ್ತಿಕೊಂಡು ಗುಂಡಿಗೆ ಇಳಿದ.